ವಿಕಲಚೇತನ ಮಗುವಿನ ಮನೆ: ಕಾಣದ ಖರ್ಚು, ಕಾಣುವ ಕಳಂಕ

ಮಠದ ಪ್ರಸಾದದ ಪಂಕ್ತಿಯಲ್ಲಿ ಎರಡು ಮಕ್ಕಳೊಡನೆ ಕುಳಿತ ತಾಯಿಗೆ ಮೂರನೆಯದೊಂದು ಇದೆಯೆಂಬುದು ಎಷ್ಟೋ ಹೊತ್ತಿನ ಮೇಲೆ ತಿಳಿಯುತ್ತದೆ. ಕತ್ತು ನಿಲ್ಲದ, ಮಾತು ಬಾರದ ಆ ಮಗುವನ್ನು ಜನರ ಕಣ್ಣಿಗೆ ಬೀಳದಂತೆ ಮನೆಯಲ್ಲಿ ಮಲಗಿಸಿ ಬಂದಿರುತ್ತಾಳೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಇಂತಹ ಮನೆಗಳ ಕಷ್ಟವೆಂದರೆ ಔಷಧದ ಖರ್ಚೆಂದು ನಾವು ಭಾವಿಸುತ್ತೇವೆ. ಅದಕ್ಕಿಂತ ದೊಡ್ಡದು, ಕೈತಪ್ಪುವ ಕಾಯಕದ ದಿನಗಳು.

ಸೆರೆಬ್ರಲ್ ಪಾಲ್ಸಿ ಎಂಬ ತೊಂದರೆಯನ್ನೇ ನೋಡೋಣ. ಹುಟ್ಟುವ ಮುನ್ನ, ಹೆರಿಗೆಯಲ್ಲಿ ಅಥವಾ ಹುಟ್ಟಿದ ಕೆಲಕಾಲದಲ್ಲಿ ಮಗುವಿನ ಮೆದುಳಿಗಾದ ಪೆಟ್ಟಿನಿಂದ ಇದು ಬರುತ್ತದೆ. ಆ ಪೆಟ್ಟು ಮಾಯದು, ಹೆಚ್ಚುವುದೂ ಇಲ್ಲ. ಆದರೆ ವ್ಯಾಯಾಮವಿಲ್ಲದ ಕೈಕಾಲು ವರ್ಷದಿಂದ ವರ್ಷಕ್ಕೆ ಬಿಗಿಯುತ್ತವೆ. ಆದ್ದರಿಂದ ಫಿಜಿಯೋಥೆರಪಿ ಎಳವೆಯಲ್ಲಿಯೇ ಆರಂಭವಾಗಬೇಕು, ಬಹುಕಾಲ ನಡೆಯಬೇಕು. ಆಳಂದ, ಜೇವರ್ಗಿಗಳಿಂದ ಕಲಬುರಗಿಗೆ ಸುಮಾರು 40 ಕಿ.ಮೀ.; ಅಫಜಲಪುರ ಇನ್ನೂ ದೂರ. ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸಿನ ಟಿಕೇಟು ಉಳಿದೀತು, ಕೂಲಿ ಉಳಿಯದು. ವಾರಕ್ಕೆ ಎರಡು ದಿನವೆಂದರೆ ತಿಂಗಳಿಗೆ ಎಂಟು ದಿನ. 2024-25ರ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿಯಂತೆ ಲೆಕ್ಕ ಹಾಕಿದರೆ 2,792 ರೂಪಾಯಿ. ವಿಕಲಚೇತನರ ಮಾಸಾಶನ ಇದಕ್ಕಿಂತ ಕಡಿಮೆ. ತೊಗರಿಯ ರಾಶಿಯ ದಿನಗಳಲ್ಲಿ ಚಿಕಿತ್ಸೆ ನಿಲ್ಲುವುದು ತಾಯಿಯ ಉದಾಸೀನದಿಂದಲ್ಲ. ಮಳೆ ಕೈಕೊಟ್ಟ ವರ್ಷ ಮನೆಮಂದಿ ಪುಣೆ, ಮುಂಬಯಿಗೆ ದುಡಿಯಲು ಹೋದರಂತೂ ಮಗು ಮುದಿ ಅಜ್ಜಿಯ ಪಾಲು.

ಇದರ ಮೇಲೆ ಜನರ ಮಾತು. ಹಿಂದಿನ ಜನ್ಮದ ಪಾಪವೆಂದೂ ಸೊಸೆಯ ಕಾಲ್ಗುಣವೆಂದೂ ಆಡಿಕೊಳ್ಳುತ್ತಾರೆ. ಸೋದರಸಂಬಂಧದ ಮದುವೆಗಳಲ್ಲಿ ಕೆಲವು ಅನುವಂಶಿಕ ದೋಷಗಳ ಸಂಭವ ಹೆಚ್ಚು ಎಂಬುದು ನಿಜ. ಆದರೆ ಅಂತಹ ದೋಷಗಳಲ್ಲಿ ಬಹಳಷ್ಟು ತಂದೆತಾಯಿ ಇಬ್ಬರಿಂದಲೂ ಬಂದವು. ಸಂಬಂಧ ಗೊತ್ತು ಮಾಡಿದವರು ಹಿರಿಯರು, ಬೈಗುಳ ಮಾತ್ರ ಒಬ್ಬಳಿಗೆ! ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಗದುಗಿನ ಪುಟ್ಟರಾಜ ಗವಾಯಿಗಳಿಗೆ ಭಕ್ತಿಯಿಂದ ಕೈಮುಗಿಯುವ ನಾವೇ ಪಕ್ಕದ ಮನೆಯ ಕುರುಡು ಮಗುವನ್ನು ಶುಭಕಾರ್ಯಕ್ಕೆ ಕರೆಯಲು ಹಿಂಜರಿಯುತ್ತೇವೆ. ಈ ಅಂಜಿಕೆಯಿಂದ ಮನೆಯವರು ಮಗುವನ್ನು ಬಚ್ಚಿಡುತ್ತಾರೆ, ಹರಕೆಗೆಂದು ಸಾಲ ಮಾಡುತ್ತಾರೆ. ಚಿಕಿತ್ಸೆ ಹೆಚ್ಚು ಫಲ ಕೊಡುವ ಮೊದಲ ವರ್ಷಗಳು ಹೀಗೆಯೇ ಕಳೆಯುತ್ತವೆ.

ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೂ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ ವೈದ್ಯರಿಗೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದ ದಿನವಾದರೂ ಮಗುವನ್ನು ಒಯ್ಯಿರಿ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮೊದಲು ಬೇಕಾದುದು ಯು.ಡಿ.ಐ.ಡಿ. ಕಾರ್ಡು; ಅರ್ಜಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿರಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಹಾಗೂ ಬಹುವೈಕಲ್ಯವುಳ್ಳವರಿಗೆ ‘ನಿರಾಮಯ’ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದೆ. ಥೆರಪಿಯೂ ಅದರಲ್ಲಿ ಸೇರುತ್ತದೆ.

ದಾಸೋಹಮೂರ್ತಿ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಹಿಂದೆ ಇದೇ ಜೇವರ್ಗಿ ತಾಲೂಕಿನಲ್ಲಿತ್ತು. ಅನ್ನದಂತೆ ಹೊತ್ತನ್ನೂ ದಾಸೋಹ ಮಾಡಬಹುದು. ತಾಯಿ ಹೊಲಕ್ಕೆ ಹೋದಾಗ ಇಂತಹ ಮಗುವನ್ನು ನೋಡಿಕೊಳ್ಳಲು ಶಾಲೆ ಬಿಡುವವಳು ಹೆಚ್ಚಾಗಿ ಅದರ ಅಕ್ಕ. ನಿಮ್ಮ ಓಣಿಯಲ್ಲಿ ಅಂತಹ ಹುಡುಗಿಯೊಬ್ಬಳಿದ್ದರೆ, ನಾಲ್ಕು ಮನೆಯವರು ದಿನಕ್ಕೆ ಒಂದೆರಡು ತಾಸು ಸರದಿಯಂತೆ ಮಗುವಿನ ಬಳಿ ಕುಳಿತರೆ ಅವಳು ನಾಳೆಯಿಂದಲೇ ಶಾಲೆಗೆ ಹೋಗಬಲ್ಲಳು.