ಆವೃತ್ತಿ ಸಂಖ್ಯೆ ಮತ್ತು ಅದರ ದಾಖಲೆ

ತಂತ್ರಾಂಶದ ಹೆಸರಿನ ಪಕ್ಕದಲ್ಲಿ ಕಾಣುವ 5.4.5ರಂತಹ ಆವೃತ್ತಿ ಸಂಖ್ಯೆಯಲ್ಲಿ ಚುಕ್ಕಿಗಳಿದ್ದರೂ ಅದನ್ನು ದಶಮಾಂಶವೆಂದು ಓದಬಾರದು. ಒಂದೊಂದು ಭಾಗವೂ ಪ್ರತ್ಯೇಕ ಪೂರ್ಣಾಂಕವಾಗಿರುವುದರಿಂದ 1.10 ಎಂಬುದು 1.9ಕ್ಕಿಂತ ಹೊಸದು. ಇಂದು ಹೆಚ್ಚು ಬಳಕೆಯಲ್ಲಿರುವ ‘ಸೆಮ್ಯಾಂಟಿಕ್ ವರ್ಷನಿಂಗ್’ ಪದ್ಧತಿಯಂತೆ ಮೊದಲ ಅಂಕಿ ಏರಿದರೆ ಹಳೆಯದರೊಂದಿಗಿನ ಹೊಂದಾಣಿಕೆ ತಪ್ಪಿದೆಯೆಂದೂ, ನಡುವಿನದು ಏರಿದರೆ ಹೊಸ ಸೌಲಭ್ಯ ಸೇರಿದೆಯೆಂದೂ, ಕೊನೆಯದು ಏರಿದರೆ ದೋಷಗಳನ್ನಷ್ಟೇ ತಿದ್ದಲಾಗಿದೆಯೆಂದೂ ಅರ್ಥ. ಇದು ತಯಾರಕರು ಕೊಡುವ ಮಾತೇ ಹೊರತು ಪುರಾವೆಯಲ್ಲ.

ಲಿನಕ್ಸ್ ಆಧಾರಿತ ಡೆಬಿಯನ್ ವ್ಯವಸ್ಥೆಯಲ್ಲಿ ಇನ್‌ಸ್ಟಾಲ್ ಆದ ಪ್ರತಿ ಪ್ಯಾಕೇಜಿನ ಹೆಸರು, ಆವೃತ್ತಿ ಮತ್ತು ಅದು ಅವಲಂಬಿಸಿರುವ ಇತರ ಪ್ಯಾಕೇಜುಗಳ ವಿವರಗಳನ್ನು ‘ಡಿಪಿಕೆಜಿ’ ಎಂಬ ಸಾಧನ ಒಂದು ಪಠ್ಯಕಡತದಲ್ಲಿ ಬರೆದಿಡುತ್ತದೆ. ಮುಂದೆ ಅಪ್‌ಡೇಟ್ ಮಾಡುವಾಗ ಆ ದಾಖಲೆಯಲ್ಲಿರುವುದಕ್ಕಿಂತ ದೊಡ್ಡ ಸಂಖ್ಯೆಯದನ್ನು ಮಾತ್ರ ಹೊಸದೆಂದು ಪರಿಗಣಿಸಲಾಗುತ್ತದೆ. ಈ ನಿಯಮದ ಬಿಗಿ 2024ರ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಕಂಡಿತು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ತಂತ್ರಾಂಶದ 5.6.0 ಮತ್ತು 5.6.1ರೊಳಗೆ ಯಾರೋ ಗುಟ್ಟಾಗಿ ಹಿಂಬಾಗಿಲು ಇಟ್ಟಿದ್ದಾರೆಂಬುದನ್ನು ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಪತ್ತೆಹಚ್ಚಿದಾಗ, ಡೆಬಿಯನ್ ತನ್ನ ಪರೀಕ್ಷಾ ಶಾಖೆಗಳಲ್ಲಿ 5.4.5ಕ್ಕೆ ಮರಳಬೇಕಾಯಿತು. ಆದರೆ ಅದನ್ನು ಆ ಸಂಖ್ಯೆಯಲ್ಲೇ ಬಿಡುಗಡೆ ಮಾಡಿದ್ದರೆ, 5.6.1 ಕುಳಿತಿದ್ದ ಯಂತ್ರಗಳು ಅದನ್ನು ಹಳೆಯದೆಂದು ಭಾವಿಸಿ ವಿಷದ ಆವೃತ್ತಿಯನ್ನೇ ಉಳಿಸಿಕೊಳ್ಳುತ್ತಿದ್ದವು. ಆದ್ದರಿಂದ ಹೊಸ ಪ್ಯಾಕೇಜಿಗೆ ‘5.6.1+ರಿಯಲಿ5.4.5-1’ ಎಂದು ಹೆಸರಿಡಲಾಯಿತು: ಮೊದಲ ಭಾಗ ಯಂತ್ರದ ಹೋಲಿಕೆಗೆ, ಉಳಿದದ್ದು ಓದುವ ಮನುಷ್ಯನಿಗೆ. ನೋಡಲು ಅಂದವಿಲ್ಲದಿದ್ದರೂ ಇಷ್ಟು ಪ್ರಾಮಾಣಿಕವಾದ ಆವೃತ್ತಿ ಸಂಖ್ಯೆ ಅಪರೂಪ.

ಡೆಬಿಯನ್ನಿನ ಸ್ಥಿರ ಶಾಖೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಭದ್ರತಾ ದೋಷ ಕಂಡುಬಂದರೆ ಸಾಮಾನ್ಯವಾಗಿ ತಿದ್ದುಪಡಿಯನ್ನಷ್ಟೇ ಹಳೆಯ ಆವೃತ್ತಿಗೆ ತಂದು ಸೇರಿಸಿ, ಮೂಲ ಸಂಖ್ಯೆಯನ್ನು ಹಾಗೆಯೇ ಉಳಿಸಿ, ಅಡ್ಡಗೆರೆಯ ನಂತರದ ಪರಿಷ್ಕರಣ ಸಂಖ್ಯೆಯನ್ನು ಮಾತ್ರ ಏರಿಸುತ್ತಾರೆ. ಆ ಭಾಗವನ್ನು ಓದದೆ ತೀರ್ಪು ಕೊಡುವ ತಪಾಸಣೆ ಸುರಕ್ಷಿತ ಯಂತ್ರವನ್ನೂ ಅಪಾಯದ್ದೆಂದು ಸಾರುತ್ತದೆ.

ದಾಖಲೆಗೇ ಸಿಗದ ತಂತ್ರಾಂಶದ ಸಮಸ್ಯೆ ಇದಕ್ಕಿಂತ ದೊಡ್ಡದು. 2021ರ ಡಿಸೆಂಬರ್‌ನಲ್ಲಿ ‘ಲಾಗ್4ಜೆ’ ಎಂಬ ಜಾವಾ ಲೈಬ್ರರಿಯ ಗಂಭೀರ ದೋಷ ಬಯಲಾದಾಗ 2.14.1ರವರೆಗಿನ ಆವೃತ್ತಿಗಳು ಅಪಾಯದಲ್ಲಿವೆಯೆಂದು ಬೇಗ ತಿಳಿಯಿತಾದರೂ, ಆ ಲೈಬ್ರರಿ ಬೇರೆ ತಂತ್ರಾಂಶಗಳ ಕಟ್ಟುಗಳ ಒಳಗೆ ಹುದುಗಿದ್ದರಿಂದ ತಮ್ಮಲ್ಲಿ ಅದು ಎಲ್ಲೆಲ್ಲಿದೆಯೆಂದು ಹುಡುಕುವುದೇ ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು. ಮೊದಲ ಪರಿಹಾರವಾದ 2.15.0 ಸಾಲದೆ 2.16.0 ಬಂದಾಗ ಅದೇ ಹುಡುಕಾಟ ಮತ್ತೆ ನಡೆಯಬೇಕಾಯಿತು. ತಂತ್ರಾಂಶದೊಳಗೆ ಸೇರಿದ ಎಲ್ಲ ಘಟಕಗಳನ್ನೂ ಅವುಗಳ ಆವೃತ್ತಿಗಳನ್ನೂ ತಯಾರಕರೇ ಪಟ್ಟಿಮಾಡಿ ಕೊಡುವ ‘ಎಸ್‌ಬಿಒಎಂ’ ಕ್ರಮ ಈ ಕೊರತೆಯನ್ನು ತುಂಬಲೆಂದೇ ಇದೆ. ಭಾರತದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2024ರಲ್ಲಿ ಅದಕ್ಕೆ ಮಾರ್ಗಸೂಚಿ ಹೊರಡಿಸಿದೆ.