ನೂರಕ್ಕೆ ತೊಂಬತ್ತು ಮಂದಿ ತಪ್ಪಿದ ಲೆಕ್ಕ

ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿಗೆ ಸಾಮಾನ್ಯವಾಗಿ ಎರಡನೇ ವರ್ಷದಲ್ಲಿ ಒಂದು ಗಣಿತದ ಪೇಪರ್ ಎದುರಾಗುತ್ತದೆ. ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಅಂತ ಹೆಸರು, ಕನ್ನಡದ ಪುಸ್ತಕಗಳಲ್ಲಿ ವಿವಿಕ್ತ ಗಣಿತ. ತರ್ಕ, ಗಣಗಳು, ಸಂಬಂಧಗಳು, ಇಂಡಕ್ಷನ್, ಎಣಿಕೆ, ಗ್ರಾಫ್ ಎಲ್ಲ ಅದರಲ್ಲಿ ಬರುತ್ತವೆ. ರೋಸೆನ್ ಅಥವಾ ಗ್ರಿಮಾಲ್ಡಿ ಬರೆದ ದಪ್ಪ ಪುಸ್ತಕ, ಪುಟಗಟ್ಟಲೆ ಟ್ರೂತ್ ಟೇಬಲ್. ಬಹಳಷ್ಟು ಮಂದಿ ನಾಲ್ಕು ಸಾಧನೆಗಳನ್ನು (ಪ್ರೂಫ್‌ಗಳನ್ನು) ಉರು ಹೊಡೆದು ಪಾಸಾಗಿ, ಮರುದಿನವೇ ಮರೆಯುತ್ತಾರೆ. ಕೋಡ್ ಬರೆಯುವವನಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಿದರೆ, ಕ್ರಿಪ್ಟೋಗ್ರಫಿ, ಡೇಟಾಬೇಸ್, ಗೂಗಲ್ ಮ್ಯಾಪ್ ಎಂಬ ಸಿದ್ಧ ಉತ್ತರ ಬರುತ್ತದೆ. ಸುಳ್ಳೇನಲ್ಲ. ಆದರೆ ಹತ್ತು ಹನ್ನೆರಡು ಸಾಲಿನ ಒಂದು ಸಣ್ಣ ಪ್ರೋಗ್ರಾಮಿನ ಕಥೆಯೇ ಅದಕ್ಕಿಂತ ಒಳ್ಳೆಯ ಉತ್ತರ ಎಂದು ನನಗೆ ಅನಿಸುತ್ತದೆ.

ಏರಿಕೆಯ ಕ್ರಮದಲ್ಲಿ ಜೋಡಿಸಿದ ಹತ್ತು ಲಕ್ಷ ರಿಜಿಸ್ಟರ್ ನಂಬರುಗಳ ಪಟ್ಟಿ ಇದೆ ಎನ್ನಿ. ಒಂದು ನಂಬರು ಅದರಲ್ಲಿ ಇದೆಯೋ ಇಲ್ಲವೋ ನೋಡಬೇಕು. ಮೊದಲಿನಿಂದ ಒಂದೊಂದೇ ನೋಡುತ್ತ ಹೋದರೆ ಹತ್ತು ಲಕ್ಷ ಸಲ ನೋಡಬೇಕಾದೀತು. ಅದರ ಬದಲು ನಟ್ಟನಡುವಿನದನ್ನು ನೋಡಿ. ನಮ್ಮ ನಂಬರು ಅದಕ್ಕಿಂತ ದೊಡ್ಡದಾದರೆ ಎಡಗಡೆಯ ಅರ್ಧವನ್ನು ಕೈಬಿಡಿ, ಚಿಕ್ಕದಾದರೆ ಬಲಗಡೆಯದನ್ನು. ಉಳಿದ ಅರ್ಧಕ್ಕೂ ಇದೇ ಉಪಚಾರ. 2ರ 20ನೇ ಘಾತ 10,48,576. ಹಾಗಾಗಿ ಹೆಚ್ಚೆಂದರೆ 20 ಸಲ ನೋಡಿದರೆ ಇತ್ಯರ್ಥವಾಗುತ್ತದೆ. ಪಟ್ಟಿ ನೂರು ಕೋಟಿಗೆ ಬೆಳೆದರೂ 30 ಸಾಕು. ಇದಕ್ಕೆ ಬೈನರಿ ಸರ್ಚ್ ಎನ್ನುತ್ತಾರೆ.

ಹೇಳುವುದು ಇಷ್ಟು ಸಲೀಸು. ಎನಿಯಾಕ್ ಯಂತ್ರ ಕಟ್ಟಿದವರಲ್ಲೊಬ್ಬರಾದ ಜಾನ್ ಮಾಕ್ಲಿ 1946ರಲ್ಲೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಸ್ಕೂಲಿನ ಉಪನ್ಯಾಸದಲ್ಲಿ ಇದನ್ನು ಪ್ರಸ್ತಾಪಿಸಿದ್ದರು. ಆದರೆ ಪಟ್ಟಿಯ ಉದ್ದ ಎಷ್ಟೇ ಇರಲಿ ಸರಿಯಾಗಿ ನಡೆಯುವ ಆವೃತ್ತಿ ಅಚ್ಚಾಗಲು 1960ರ ಆಸುಪಾಸಿನವರೆಗೆ ಕಾಯಬೇಕಾಯಿತು. ಬೆಲ್ ಲ್ಯಾಬ್ಸ್‌ನ ಜಾನ್ ಬೆಂಟ್ಲಿ ನೂರಕ್ಕೂ ಹೆಚ್ಚು ವೃತ್ತಿಪರ ಪ್ರೋಗ್ರಾಮರುಗಳಿಗೆ ಒಂದೆರಡು ಗಂಟೆ ಕೊಟ್ಟು ಇದನ್ನು ಬರೆಸಿದರು. ಬರೆದದ್ದನ್ನು ಪರೀಕ್ಷಿಸಿದಾಗ ಸುಮಾರು ನೂರಕ್ಕೆ ತೊಂಬತ್ತು ಮಂದಿಯ ಪ್ರೋಗ್ರಾಮಿನಲ್ಲಿ ತಪ್ಪು ಸಿಕ್ಕಿತು.

ತಪ್ಪುಗಳು ಎಲ್ಲಿ ಅಡಗಿರುತ್ತವೆ? ‘ಎಡ’ ಮತ್ತು ‘ಬಲ’ ಎಂದು ಎರಡು ಗುರುತು ಇಟ್ಟುಕೊಳ್ಳೋಣ. ಹುಡುಕಾಟ ಇನ್ನೂ ಬಾಕಿ ಇರುವ ಭಾಗದ ಎರಡು ತುದಿಗಳು ಇವು. ಎಡ 3, ಬಲ 4 ಆಗಿದೆ. ನಡು ಯಾವುದು? ಮೂರೂವರೆ. ಅಂಥ ಜಾಗ ಪಟ್ಟಿಯಲ್ಲಿಲ್ಲ, ಭಿನ್ನರಾಶಿ ಬಿಟ್ಟು 3 ಎಂದು ಹಿಡಿಯುತ್ತೇವೆ. ನಮ್ಮದು 3ನೇ ಜಾಗದಲ್ಲಿರುವುದಕ್ಕಿಂತ ದೊಡ್ಡದು, ಆದ್ದರಿಂದ ಎಡವನ್ನು ನಡುವಿಗೆ ತಂದಿಡಬೇಕು ಎಂದು ಅವಸರದಲ್ಲಿ ಬರೆದುಬಿಟ್ಟರೆ ಎಡ ಮತ್ತೆ 3, ಬಲ ಮತ್ತೆ 4. ನಡು ಮತ್ತೆ 3. ಯಂತ್ರ ಅಲ್ಲೇ ಗಿರಕಿ ಹೊಡೆಯುತ್ತ ಕೂರುತ್ತದೆ. ಎಡ ಎಂದರೆ ನಡು ಕೂಡಿಸು 1 ಎಂದು ಬರೆಯಬೇಕಿತ್ತು. ಸರಳರೇಖೆಯನ್ನು ಎಷ್ಟು ಸಲ ಬೇಕಾದರೂ ಅರ್ಧ ಮಾಡುತ್ತ ಹೋಗಬಹುದು, ಕ್ಯಾಲ್ಕುಲಸ್ ನಿಂತಿರುವುದೇ ಆ ಧೈರ್ಯದ ಮೇಲೆ. ಬಿಡಿಬಿಡಿಯಾಗಿ ನಿಂತ ಪೂರ್ಣಾಂಕಗಳಲ್ಲಿ ಆ ಸೌಕರ್ಯ ಇಲ್ಲ. ಕಂಪ್ಯೂಟರ್ ವಿದ್ಯಾರ್ಥಿಗೆ ಬೇರೆಯದೇ ಗಣಿತ ಬೇಕಾಗುವುದು ಇಲ್ಲಿಂದ.

ಸರಿ, ತಪ್ಪಿಲ್ಲ ಎಂದು ಖಾತರಿ ಮಾಡಿಕೊಳ್ಳುವುದು ಹೇಗೆ? ನೂರು ಪಟ್ಟಿ ಕೊಟ್ಟು ಓಡಿಸಿ ನೋಡಬಹುದು. ನೂರೊಂದನೆಯದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಪ್ರೋಗ್ರಾಮ್ ನಡೆಯುವಷ್ಟು ಹೊತ್ತೂ ಕದಲದೆ ನಿಜವಾಗಿರುವ ಒಂದು ಮಾತನ್ನು ಹುಡುಕಿಕೊಳ್ಳಬೇಕು: ‘ನಂಬರು ಪಟ್ಟಿಯಲ್ಲಿ ಇದ್ದರೆ, ಅದು ಎಡ–ಬಲಗಳ ನಡುವೆಯೇ ಇದೆ.’ ಶುರುವಿನಲ್ಲಿ ಎಡ–ಬಲಗಳ ನಡುವೆ ಇಡೀ ಪಟ್ಟಿಯೇ ಇರುವುದರಿಂದ ಮಾತು ನಿಜ. ಒಂದು ಸುತ್ತಿಗೆ ಮುಂಚೆ ನಿಜವಾಗಿದ್ದರೆ ಸುತ್ತು ಮುಗಿದ ಮೇಲೂ ನಿಜ, ಏಕೆಂದರೆ ನಾವು ಕೈಬಿಟ್ಟ ಅರ್ಧದಲ್ಲಿ ಅದು ಇರಲು ಸಾಧ್ಯವೇ ಇಲ್ಲ. ತರಗತಿಯಲ್ಲಿ 1ರಿಂದ ಎನ್‌ವರೆಗಿನ ಮೊತ್ತಕ್ಕೆ ಹಚ್ಚಿ ಬೇಸರ ತರಿಸಿದ್ದ ಇಂಡಕ್ಷನ್ ಇದೇ.

ಈ ಮಾತಿನಲ್ಲಿರುವ ‘ಇದ್ದರೆ’ ಎಂಬುದನ್ನು ಗಮನಿಸಿ. ಪಿ ಸುಳ್ಳಾದರೆ ‘ಪಿ ಆದರೆ ಕ್ಯೂ’ ಎಂಬುದು ತಾನಾಗಿ ನಿಜ ಎಂದು ಟ್ರೂತ್ ಟೇಬಲ್ ಹೇಳಿದಾಗ ಮುಖ ಸಿಂಡರಿಸದ ವಿದ್ಯಾರ್ಥಿ ಇಲ್ಲ. ಇದೆಂಥ ನ್ಯಾಯ ಎನಿಸುತ್ತದೆ. ಆದರೆ ನಂಬರು ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದಲ್ಲ? ಆಗಲೂ ನಮ್ಮ ಮಾತು ಮುರಿಯಬಾರದು. ಆ ವಿಚಿತ್ರ ನಿಯಮ ಅದನ್ನು ಕಾಪಾಡುತ್ತದೆ. ಕೊನೆಗೆ ಎಡ ಬಲವನ್ನು ದಾಟಿ ಮುಂದೆ ಹೋದಾಗ ನಡುವೆ ಜಾಗವೇ ಉಳಿದಿರುವುದಿಲ್ಲ. ‘ನಡುವೆಯೇ ಇದೆ’ ಎಂಬ ಕ್ಯೂ ಸುಳ್ಳು, ಹಾಗಾದರೆ ಪಿ ಕೂಡ ಸುಳ್ಳು: ನಂಬರು ಪಟ್ಟಿಯಲ್ಲಿ ಇಲ್ಲ. ‘ಸಿಗಲಿಲ್ಲ’ ಎಂದು ಪ್ರೋಗ್ರಾಮ್ ಹೇಳುವ ಒಂದು ಸಾಲಿನ ಹಿಂದೆ ಇಷ್ಟು ತರ್ಕ ಕೂತಿದೆ. ಪ್ರತಿ ಸುತ್ತಿನಲ್ಲೂ ಅಂತರ ಕಡಿಮೆಯಾಗಲೇಬೇಕು, ಸ್ವಾಭಾವಿಕ ಸಂಖ್ಯೆಗಳು ಕೊನೆಯಿಲ್ಲದೆ ಇಳಿಯಲಾರವು, ಆದ್ದರಿಂದ ಪ್ರೋಗ್ರಾಮ್ ನಿಂತೇ ನಿಲ್ಲುತ್ತದೆ. ಅಲ್ಲಿಗೆ ಸಾಧನೆ ಪೂರ್ತಿ. ಬೆಂಟ್ಲಿ 1986ರ ತಮ್ಮ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ಇದೇ ಬಗೆಯ ಸಾಧನೆ ಕೊಟ್ಟು ಮುಗಿಸಿದರು.

ಮುಗಿದಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2006ರಲ್ಲಿ, ಜೋಶುವಾ ಬ್ಲಾಕ್ ಒಂದು ಟಿಪ್ಪಣಿ ಪ್ರಕಟಿಸಿದರು. ವಿದ್ಯಾರ್ಥಿಯಾಗಿದ್ದಾಗ ಬೆಂಟ್ಲಿಯವರ ಪಾಠವನ್ನು ಎದುರಿಗೇ ಕೂತು ಕೇಳಿದ್ದವರು ಅವರು. ಜಾವಾ ಭಾಷೆಯ ಬೈನರಿ ಸರ್ಚ್ ಬರೆದವರೂ ಅವರೇ. ಅದರಲ್ಲಿ ತಪ್ಪಿದೆ, ಪುಸ್ತಕದ್ದರಲ್ಲೂ ಅದೇ ತಪ್ಪಿದೆ ಎಂದು ಅವರು ಬರೆದರು. ಒಂಬತ್ತು ವರ್ಷಗಳಷ್ಟು ಕಾಲ ಅದು ಜಾವಾದಲ್ಲಿ ಸುಮ್ಮನೆ ಕೂತಿತ್ತು.

ತಪ್ಪಿದ್ದದ್ದು ಎಲ್ಲಕ್ಕಿಂತ ನಿರುಪದ್ರವಿಯಾಗಿ ಕಾಣುವ ಸಾಲಿನಲ್ಲಿ. ನಡು ಎಂದರೆ ಎಡ ಮತ್ತು ಬಲವನ್ನು ಕೂಡಿಸಿ ಎರಡರಿಂದ ಭಾಗಿಸಿದ್ದು. ಹೈಸ್ಕೂಲ್ ಹುಡುಗನೂ ಇದನ್ನೇ ಬರೆಯುತ್ತಾನೆ. ಆದರೆ ಜಾವಾದ ಸಾಮಾನ್ಯ ಪೂರ್ಣಾಂಕಕ್ಕೆ 32 ಬಿಟ್ ಜಾಗ. ಅಷ್ಟರಲ್ಲಿ 429,49,67,296 ಬೇರೆ ಬೇರೆ ಸಂಖ್ಯೆಗಳನ್ನಷ್ಟೇ ಬರೆಯಬಹುದು. ಅವುಗಳಲ್ಲಿ ಅರ್ಧ ಋಣಸಂಖ್ಯೆಗಳಿಗೆ ಹೋಗುತ್ತವೆ, ಹಾಗಾಗಿ ಅತಿ ದೊಡ್ಡದು 214,74,83,647. ಅದನ್ನು ದಾಟಿದರೆ, 99,999 ಆದ ಮೇಲೆ ಸೊನ್ನೆಗೆ ಬರುವ ಹಳೇ ಸ್ಕೂಟರಿನ ಮೀಟರಿನಂತೆ, ಲೆಕ್ಕ ಇನ್ನೊಂದು ತುದಿಯಿಂದ ಶುರುವಾಗುತ್ತದೆ. ಎಡ 150 ಕೋಟಿ, ಬಲ 160 ಕೋಟಿ ಎಂದುಕೊಳ್ಳಿ. ಮೊತ್ತ 310 ಕೋಟಿ ಬರಬೇಕು. ಯಂತ್ರ ಕೊಡುವುದು ಮೈನಸ್ 119,49,67,296. ಇವೆರಡೂ 2ರ 32ನೇ ಘಾತದಿಂದ ಭಾಗಿಸಿದಾಗ ಒಂದೇ ಶೇಷ ಕೊಡುವ ಸಂಖ್ಯೆಗಳು. ಯಂತ್ರದ ಕಣ್ಣಿಗೆ ವ್ಯತ್ಯಾಸವಿಲ್ಲ. ಅರ್ಧ ಮಾಡಿದರೆ ನಡು ಮೈನಸ್ 59,74,83,648ನೇ ಜಾಗ. ಅಲ್ಲಿ ಏನನ್ನು ಹುಡುಕುವುದು? ಪ್ರೋಗ್ರಾಮ್ ಮುಗ್ಗರಿಸುತ್ತದೆ. ಪಟ್ಟಿ ನೂರು ಕೋಟಿ ದಾಟುವವರೆಗೆ ಇದು ಕಾಣಿಸುವುದೇ ಇಲ್ಲ, ಬೆಂಟ್ಲಿ ಪುಸ್ತಕ ಬರೆದಾಗ ಅಷ್ಟು ದೊಡ್ಡ ಪಟ್ಟಿಯನ್ನು ಯಾರೂ ಕಲ್ಪಿಸಿಕೊಂಡಿರಲಿಕ್ಕಿಲ್ಲ. (ಇದೇ 214 ಕೋಟಿಯ ಮಿತಿಯಿಂದಾಗಿ, ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುವ ಹಳೆಯ ಯಂತ್ರಗಳ ಗಡಿಯಾರ 2038ರ ಜನವರಿ 19ರಂದು ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡ್ ದಾಟುತ್ತಲೇ 1901ಕ್ಕೆ ಹಾರಲಿದೆ.)

ಹಾಗಾದರೆ ಸಾಧನೆ ಸುಳ್ಳಾಗಿತ್ತೇ? ಇಲ್ಲ. ಅದು ‘ಎಲ್ಲ ಪೂರ್ಣಾಂಕಗಳಿಗೂ’ ಅನ್ವಯಿಸುವ ಸಾಧನೆಯಾಗಿತ್ತು, ಯಂತ್ರದಲ್ಲಿ ಇದ್ದದ್ದು ಆ ಪೂರ್ಣಾಂಕಗಳಲ್ಲ. ‘ಎಲ್ಲ’ ಎಂದಾಗ ಯಾವ ಗಣದಲ್ಲಿರುವ ಎಲ್ಲ ಎಂದು ಮೊದಲು ಹೇಳು, ಎಂದು ವಿವಿಕ್ತ ಗಣಿತದ ಪೇಪರಿನ ಮೊದಲ ಅಧ್ಯಾಯ ಹಟ ಹಿಡಿಯುತ್ತದೆ. ಅದನ್ನು ಅನಗತ್ಯ ಮಡಿ ಎಂದು ನಗಾಡುವವರು ಬಹಳ. ಪರಿಹಾರ ಒಂದೇ ಸಾಲು: ಬಲದಿಂದ ಎಡವನ್ನು ಕಳೆದು, ಅರ್ಧ ಮಾಡಿ, ಎಡಕ್ಕೆ ಕೂಡಿಸಿ. 150 ಕೋಟಿಗೆ 5 ಕೋಟಿ ಸೇರಿ 155 ಕೋಟಿ. ಎಡ ಬಲಕ್ಕಿಂತ ದೊಡ್ಡದಲ್ಲ, ಎರಡೂ ಋಣವಲ್ಲ, ಆದ್ದರಿಂದ ಯಾವ ಹಂತದಲ್ಲೂ ಫಲಿತ ಬಲವನ್ನು ಮೀರುವುದಿಲ್ಲ. ಬಲ ಹೇಗೂ 32 ಬಿಟ್‌ಗೆ ಹಿಡಿಸಿದೆ.

ಬಳಕೆಯಲ್ಲಿ ಕಾಣದ ತಪ್ಪನ್ನು ಸಾಧನೆಯೇ ಹಿಡಿದುಕೊಟ್ಟ ತದ್ವಿರುದ್ಧ ಪ್ರಸಂಗವೂ ಇದೆ. ಪೈಥಾನ್ ಭಾಷೆಗಾಗಿ ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್ ಎಂಬ ಜೋಡಣೆಯ ವಿಧಾನವನ್ನು ಮುಂದೆ ಜಾವಾ, ಆಂಡ್ರಾಯ್ಡ್ ಕೂಡ ಎತ್ತಿಕೊಂಡವು. ಲಕ್ಷಾಂತರ ಯಂತ್ರಗಳಲ್ಲಿ ವರ್ಷಗಟ್ಟಲೆ ನಡೆಯುತ್ತಿದ್ದ ಅದನ್ನು ಯಾರೂ ಅನುಮಾನಿಸಿರಲಿಲ್ಲ. 2015ರಲ್ಲಿ ಸ್ಟೈನ್ ದ ಗೌ ಮತ್ತು ಸಂಗಡಿಗರು ಅದು ಸರಿಯೆಂದು ಸಾಧಿಸಲು ಕೂತರು. ಸಾಧನೆ ಒಂದು ಕಡೆ ಮುಂದೆ ಹೋಗಲೇ ಇಲ್ಲ: ಕದಲದೆ ನಿಜವಾಗಿರುತ್ತದೆ ಎಂದು ನಂಬಿದ್ದ ಮಾತು ಒಂದು ಸುತ್ತಿನ ನಂತರ ಮುರಿಯಬಹುದಿತ್ತು. ಸಿಕ್ಕಿಬಿದ್ದ ಆ ಜಾಗವನ್ನೇ ಹಿಡಿದು, ಜಾವಾವನ್ನು ಕೆಡವುವ ಪಟ್ಟಿಯೊಂದನ್ನು ಅವರು ಕಟ್ಟಿ ತೋರಿಸಿದರು. ಪೈಥಾನ್‌ನವರು ತರ್ಕವನ್ನೇ ತಿದ್ದಿದರು. ಜಾವಾದವರು ತರ್ಕದ ಗೊಡವೆಗೆ ಹೋಗದೆ, ಇನ್ನೂ ಕೂಡಿಸಬೇಕಾದ ತುಂಡುಗಳ ಲೆಕ್ಕವನ್ನು ಕಾದಿಡುವ ಜಾಗವನ್ನು ಒಂದಿಷ್ಟು ಹಿಗ್ಗಿಸಿ ಕೈತೊಳೆದುಕೊಂಡರು. ಆ ಜಾಗವೂ ಸಾಲದು ಎಂದು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಸಾಧಿಸಿದರು.