ಕಾಯುವ ಹೊದಿಕೆಯೇ ಕೆಡಿಸಿದರೆ

ನಮ್ಮ ಶಿಗ್ಲಿ ನೇಕಾರರ ಊರು. ಮಗ್ಗ ಬಿಟ್ಟವರ ಮನೆಯಲ್ಲಿಯೂ ಅಜ್ಜಿಯ ಕಾಲದ ಒಂದು ಸೀರೆ ಪೆಟ್ಟಿಗೆಯಲ್ಲಿರುತ್ತದೆ. ಎಷ್ಟೋ ವೇಳೆ ಆ ಸೆರಗೇ ಒಂದು ವಿನ್ಯಾಸಕ್ಕೆ ಉಳಿದಿರುವ ಏಕೈಕ ದಾಖಲೆ. ಅಂತಹ ಸೀರೆಗಳನ್ನೂ ಹಿರಿಯರ ಭಾವಚಿತ್ರಗಳನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಟ್ಟಿರುವುದನ್ನು ನಾನು ಆಗಾಗ ಕಾಣುತ್ತೇನೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಆದುದರಿಂದ ಒಳಗಿನ ವಸ್ತುವೂ ಕೆಡದು ಎಂಬುದು ನಮ್ಮ ನಂಬಿಕೆ. ಈ ನಂಬಿಕೆ ಎಷ್ಟು ಸಡಿಲವಾದುದೆಂಬುದನ್ನು ಜಗತ್ತಿನ ವಸ್ತುಸಂಗ್ರಹಾಲಯಗಳು ಬೆಲೆ ತೆತ್ತು ಕಲಿತಿವೆ.

ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಲ್ಲ. ಅದೊಂದು ದೊಡ್ಡ ಕುಲ. ಆ ಕುಲದಲ್ಲಿ ಹೆಚ್ಚು ಅಂಜಬೇಕಾದುದು ಪಿ.ವಿ.ಸಿ.ಗೆ. ಅದು ಸ್ವಭಾವತಃ ಗಡುಸಾದುದು. ಮೆದುವಾಗಲೆಂದು ಅದಕ್ಕೆ ಎಣ್ಣೆಯಂತಹ ದ್ರವ್ಯವನ್ನು ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಆ ದ್ರವ್ಯ ಮೇಲಕ್ಕೆ ಒಸರುತ್ತದೆ. ಹಾಳೆ ಅಂಟಂಟಾಗಿ ಚಿತ್ರದ ಮೈಗೆ ಹತ್ತಿಕೊಳ್ಳುತ್ತದೆ. ಮುಂದೆ ಹಾಳೆಯೇ ಕೆಡತೊಡಗಿದಾಗ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಹೊರಟು ಲೋಹವನ್ನು ತಿನ್ನುತ್ತದೆ, ಬಟ್ಟೆ ಕಾಗದಗಳನ್ನು ಸವೆಯಿಸುತ್ತದೆ. ಹಳೆಯ ನೆಗೆಟಿವ್‌ಗಳ ಸೆಲ್ಯುಲೋಸ್ ಅಸಿಟೇಟ್ ತೇವಕ್ಕೆ ಒಡೆದು ವಿನಿಗರ್‌ನಂತಹ ಹುಳಿವಾಸನೆ ಬೀರುತ್ತದೆ. ಹುಟ್ಟಿದ ಆಮ್ಲವೇ ಕ್ಷಯವನ್ನು ಹೆಚ್ಚಿಸುವುದರಿಂದ ಒಂದು ನೆಗೆಟಿವ್ ಪಕ್ಕದ್ದನ್ನೂ ಕೆಡಿಸುತ್ತದೆ. ಪಾಲಿಯುರಿಥೇನ್ ಸ್ಪಂಜು ಹಳದಿಯಾಗಿ, ಕೊನೆಗೆ ಪುಡಿಯಾಗಿ ಉದುರುತ್ತದೆ.

ಇವೆಲ್ಲವನ್ನೂ ಬೇಗ ನಡೆಸುವವು ಉಷ್ಣ, ಬೆಳಕು, ತೇವ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗಿನ ಅಟ್ಟವು ಇಂತಹ ವಸ್ತುಗಳಿಗೆ ಕುಲುಮೆಯೇ ಸರಿ.

ಹಾಗೆಂದು ಎಲ್ಲ ಪ್ಲಾಸ್ಟಿಕ್ಕನ್ನೂ ದೂರಲಾಗದು. ಬಣ್ಣ, ಲೇಪಗಳಿಲ್ಲದ ಪಾಲಿಯೆಸ್ಟರ್, ಪಾಲಿಥೀನ್, ಪಾಲಿಪ್ರೊಪಿಲೀನ್ ಹಾಳೆಗಳನ್ನು ಸಂಗ್ರಹಾಲಯಗಳು ಬಳಸುತ್ತವೆ. ಆದರೆ ಅವುಗಳೊಳಗೂ ತೇವ ಸಿಕ್ಕಿಕೊಂಡರೆ ಬೂಷ್ಟು ಹಿಡಿಯುತ್ತದೆ. ಚೀಲ ಯಾವ ಜಾತಿಯದೆಂದು ತಿಳಿಯಲು ಪ್ರಯೋಗಾಲಯದಲ್ಲಿ ಕಾದ ತಾಮ್ರದ ತಂತಿಯನ್ನು ಅದಕ್ಕೆ ತಾಗಿಸಿ ಉರಿಗೆ ಹಿಡಿಯುತ್ತಾರೆ. ಹಸಿರು ಜ್ವಾಲೆ ಕಂಡರೆ ಕ್ಲೋರಿನ್ ಇದೆ ಎಂದು ಅರ್ಥ, ಅದು ಪಿ.ವಿ.ಸಿ. ಇರಬಹುದು. ಆ ಹೊಗೆ ವಿಷ, ಮನೆಯಲ್ಲಿ ಮಾಡತಕ್ಕದ್ದಲ್ಲ. ಮನೆಯವರಿಗೆ ಕಣ್ಣು, ಮೂಗು, ಬೆರಳುಗಳೇ ಸಾಕು: ಹಳದಿ ಬಣ್ಣ, ಹುಳಿವಾಸನೆ, ಅಂಟು ಕಂಡೊಡನೆ ಹೊದಿಕೆಯನ್ನು ಬದಲಿಸಬೇಕು.

ನಮ್ಮ ಹಿರಿಯರು ಓಲೆಗರಿಗಳನ್ನು ಮರದ ಹಲಗೆಗಳ ನಡುವೆ ಇಟ್ಟು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಓಲೆಗರಿಯಲ್ಲಿಯೇ ಉಳಿದು ಬಂದುದು. ಬಟ್ಟೆ ಉಸಿರಾಡುತ್ತದೆ, ಕೊಳೆಯಾದರೆ ಒಗೆಯಬಹುದು. ಒಗೆದು ಒಣಗಿಸಿದ ಬಿಳಿಯ ಹತ್ತಿಬಟ್ಟೆಯನ್ನು ನಮ್ಮ ಊರು ಎಲ್ಲಿಂದಲೂ ತರಬೇಕಾಗಿಲ್ಲ. ಅದರಲ್ಲಿ ಸೀರೆಯನ್ನು ಸುತ್ತಿ, ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಿ, ಮಡಿಕೆ ಬದಲಿಸಿ ಇಡೋಣ.